ಅಲ್ಲಿಬೇಡಪ್ಪನವರು

ವಿಯೆಟ್ನಾಮಿನ ಹೋಯ್ ಆನ್ ಪಟ್ಟಣದಲ್ಲಿ ಹಸಿದವರಿಗೆ ಊಟ ಸಿಗುವುದು ಕಷ್ಟವಲ್ಲ. ಅಲ್ಲಿಬೇಡಪ್ಪನವರ ಕಣ್ಣು ತಪ್ಪಿಸಿ ಊಟಕ್ಕೆ ಕೂರುವುದು ಕಷ್ಟ. ಹಬೆಯಾಡುವ ಪಾತ್ರೆಯ ಮುಂದೆ ನಿಂತು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು, ಇನ್ನೇನು ಕುಕ್ಕರಿಸಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬರುತ್ತದೆ: "ಅಯ್ಯೋ, ಅಲ್ಲಿ ಬೇಡಪ್ಪಾ!" ಹೆತ್ತವರು ಇಟ್ಟ ಹೆಸರು ಏನಾದರೂ ಇದ್ದುಕೊಳ್ಳಲಿ, ಅವರ ಕೈಗೆ ಸಿಕ್ಕಿ ಹಸಿದವರೆಲ್ಲ ಇಟ್ಟ ಹೆಸರು ಇದು.

ಈ ಕುಲಕ್ಕೆ ದೇಶ ಭಾಷೆಗಳ ಹಂಗಿಲ್ಲ. ಸಮುದ್ರದ ಹತ್ತಿರ ಮನೆ ಬಾಡಿಗೆ ಹಿಡಿದ ಆಸ್ಟ್ರೇಲಿಯಾದ ನಿವೃತ್ತ ಮೇಷ್ಟರಲ್ಲಿ ಒಬ್ಬ ಅಲ್ಲಿಬೇಡಪ್ಪ ಇದ್ದಾನೆ. ಬೆನ್ನಿಗೆ ಮೂಟೆ ಹೇರಿಕೊಂಡು ತಿರುಗುವ ಜರ್ಮನ್ ಹುಡುಗನಲ್ಲಿ ಇನ್ನೊಬ್ಬ. ವಿಯೆಟ್ನಾಮಿಗೆ ಹೋಗಿಬರುವ ಕನ್ನಡಿಗರು ಹೆಚ್ಚಿದ ಮೇಲೆ ಬೆಂಗಳೂರಿನ ತಳಿಗೂ ಈಗ ಬರವಿಲ್ಲ. ಸೇವಾ ಹಿರಿತನದ ವಿಷಯದಲ್ಲಿ ಮಾತ್ರ ಎಲ್ಲರೂ ಬಲು ಕಟ್ಟುನಿಟ್ಟು. ನಿನ್ನೆ ಬಂದವರು ಇವತ್ತು ಬಂದವರಿಗೆ ಬುದ್ಧಿ ಹೇಳುತ್ತಾರೆ. ಮೊನ್ನೆ ಬಂದವರು ನಿನ್ನೆ ಬಂದವರ ಬುದ್ಧಿಗೆ ನಗುತ್ತಾರೆ. ವಾರದ ಹಿಂದೆ ಬಂದವರು, "ಊರು ಮೊದಲಿನ ಹಾಗಿಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ.

ಹೋಯ್ ಆನ್ ಸಣ್ಣ ಊರು. ಡಾ ನಾಂಗ್ ವಿಮಾನ ನಿಲ್ದಾಣದಿಂದ ಸುಮಾರು 30 ಕಿಲೋಮೀಟರು, ಥು ಬೋನ್ ನದಿಯ ದಡ. ಹಿಂದೆ ಜಪಾನಿ, ಚೀನಿ ವರ್ತಕರ ಹಡಗುಗಳು ಬಂದು ತಂಗುತ್ತಿದ್ದ ಬಂದರು. ಆ ಕಾಲದ ಹಳದಿ ಗೋಡೆಯ ಮನೆಗಳು, ಹೆಂಚಿನ ಮಾಡುಗಳು ಹಾಗೇ ಉಳಿದಿದ್ದಕ್ಕೆ 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಊರಿನ ಜಪಾನಿ ಸೇತುವೆ ಎಷ್ಟು ಪ್ರಸಿದ್ಧವೆಂದರೆ ವಿಯೆಟ್ನಾಮಿನ 20,000 ದೋಂಗ್ ನೋಟಿನ ಹಿಂಬದಿಯಲ್ಲಿ ಅದರದೇ ಚಿತ್ರ. ಅಲ್ಲಿಬೇಡಪ್ಪನವರಿಗೆ ಇದು ದೊಡ್ಡ ಅನುಕೂಲ. "ಸೇತುವೆ ಜೇಬಲ್ಲೇ ಇದೆಯಲ್ಲ, ನಡೀರಿ, ಮೊದಲು ಸರಿಯಾದ ಊಟದ ಜಾಗ ನೋಡೋಣ" ಎಂದು ಹೊರಡುತ್ತಾರೆ.

ಸರಿಯಾದ ಜಾಗಕ್ಕೆ ಅವರದೊಂದು ಸಂವಿಧಾನವಿದೆ. ಇಂಗ್ಲಿಷ್ ಮೆನು ಇದ್ದರೆ ಬೇಡ. ಮೆನುವಿನಲ್ಲಿ ಚಿತ್ರಗಳಿದ್ದರೆ ಖಂಡಿತ ಬೇಡ. ಎಸಿ ಇದ್ದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ. ಬಾಗಿಲಲ್ಲಿ ಯಾರಾದರೂ ನಗುತ್ತ "ಬನ್ನಿ" ಎಂದು ಕರೆದರೆ ಓಡಿ. ಒಳ್ಳೆಯ ಹೋಟೆಲಿನವರು ಗಿರಾಕಿಯ ಮುಖವನ್ನೂ ನೋಡುವುದಿಲ್ಲವಂತೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರವಾಸಿಗಳು ಕೂತ ಕಡೆ ಊಟ ಕೆಟ್ಟಿರುತ್ತದೆ ಎಂಬುದು ಅವರ ಮೂಲಭೂತ ನಂಬಿಕೆ. ಈ ಲೆಕ್ಕದಲ್ಲಿ ಅವರು ಹೊಸ್ತಿಲು ದಾಟಿದ ಮರುಕ್ಷಣವೇ ಆ ಹೋಟೆಲು ಕೆಟ್ಟುಹೋಗಬೇಕು. ಆದರೆ ತಾವೂ ಪ್ರವಾಸಿ ಎಂಬ ಸಂಗತಿಯನ್ನು ಅವರಿಗೆ ಇದುವರೆಗೆ ಯಾರೂ ಹೇಳಿಲ್ಲ.

ಅವರ ವಿದ್ವತ್ತು ಪೂರ್ತಿಯಾಗಿ ಅರಳುವುದು ಕಾವ್ ಲೌ ಎಂಬ ತಿನಿಸಿನ ಮುಂದೆ. ದಪ್ಪ ಎಳೆಯ ಅಕ್ಕಿ ನೂಡಲ್, ಮೇಲೆ ಹಂದಿಮಾಂಸದ ತೆಳು ಹೋಳುಗಳು, ಸೊಪ್ಪು, ಕರಿದ ಗರಿಗರಿ ತುಣುಕು, ತಳದಲ್ಲಿ ಎರಡು ಚಮಚದಷ್ಟು ರಸ. ಇದು ಹೋಯ್ ಆನ್ ಊರಿನ ಸ್ವಂತ ಆಸ್ತಿ. ಇದರ ಎಳೆಗೆ ಬಾ ಲೆ ಎಂಬ ಹಳೆಯ ಬಾವಿಯ ನೀರೇ ಆಗಬೇಕು, ಸಮುದ್ರದಾಚೆಯ ಚಾಮ್ ದ್ವೀಪದ ಕಟ್ಟಿಗೆಯ ಬೂದಿಯನ್ನು ಕದಡಿ ಸೋಸಿದ ನೀರಲ್ಲೇ ಅಕ್ಕಿ ನೆನೆಯಬೇಕು ಎಂಬುದು ಊರಿನ ಪ್ರತೀತಿ. ಮೂಲ ಜಪಾನಿನದೋ ಚೀನಾದದೋ ಎಂಬ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಬೇಡಪ್ಪನವರು ವಾದಿ ಪ್ರತಿವಾದಿ ಇಬ್ಬರ ಪರವಾಗಿಯೂ ತಾವೇ ವಾದಿಸಿ, ಕೊನೆಗೆ ಅಂಗಡಿಯವಳ ಮೇಲೆ ತೀರ್ಪು ಕೊಡುತ್ತಾರೆ. "ಈ ಅಂಗಡೀದು ಎಳೆ ಸರಿಯಿಲ್ಲ. ಮೂರನೇ ಗಲ್ಲಿಯಲ್ಲಿ ಒಬ್ಬಳು ಅಜ್ಜಿ ಇದಾಳೆ, ಅವಳ ಎಳೆಯೇ ಎಳೆ!"

ವಾಸ್ತವ ಏನೆಂದರೆ, ಈ ಎಳೆಯನ್ನು ಮಾಡುವುದು ಊರಿನ ಬೆರಳೆಣಿಕೆಯ ಕುಟುಂಬಗಳು. ಬೆಳಗಾಗುವ ಮುಂಚೆ ಎದ್ದು, ರುಬ್ಬಿ, ಬೇಯಿಸಿ, ನಾದಿ, ಕತ್ತರಿಸಿ, ಮತ್ತೆ ಹಬೆಯಲ್ಲಿ ಬೇಯಿಸಿ ಬುಟ್ಟಿ ತುಂಬಿಸುತ್ತಾರೆ. ಊರಿನ ಅಂಗಡಿಗಳಿಗೆ ಎಳೆ ಹೋಗುವುದು ಈ ಕೆಲವೇ ಮನೆಗಳಿಂದ. ಅಂಗಡಿಯವಳು ಬೈಸಿಕೊಂಡ ಎಳೆಯೂ ಅಜ್ಜಿ ಹೊಗಳಿಸಿಕೊಂಡ ಎಳೆಯೂ ಒಂದೇ ಬುಟ್ಟಿಯಿಂದ ಬಂದಿದ್ದರೆ ಆಶ್ಚರ್ಯವಿಲ್ಲ. 'ವೈಟ್ ರೋಸ್' ಎಂದು ಪ್ರವಾಸಿಗಳು ಕರೆಯುವ, ಸೀಗಡಿ ತುಂಬಿದ, ದಳದಂತೆ ಬಿಚ್ಚಿಕೊಂಡ ಬಿಳಿ ಕಡುಬಿನ ಕತೆ ಇನ್ನೂ ಸ್ವಾರಸ್ಯ. ಅದನ್ನು ತಲೆಮಾರುಗಳಿಂದ ಮಾಡುತ್ತ ಬಂದದ್ದು ಒಂದೇ ಮನೆತನ. ಊರಿನ ಬಹುಪಾಲು ಹೋಟೆಲುಗಳಿಗೆ ಹೋಗುವುದೂ ಅಲ್ಲಿಂದಲೇ. ಅಲ್ಲಿಬೇಡಪ್ಪನವರು ಮಾತ್ರ ನಾಲ್ಕು ಹೋಟೆಲು ತಿರುಗಿ, ನಾಲ್ಕು ತಟ್ಟೆ ತರಿಸಿ, ಒಂದು ಪರವಾಗಿಲ್ಲ, ಎರಡು ಸುಮಾರು, ನಾಲ್ಕನೆಯದು ಶುದ್ಧ ಮೋಸ ಎಂದು ಷರಾ ಬರೆಯುತ್ತಾರೆ. ಒಂದೇ ಅಡುಗೆಮನೆಯ ಮಾಲಿನಲ್ಲಿ ಮೂರು ದರ್ಜೆ ಕಂಡುಹಿಡಿಯುವ ನಾಲಗೆ ಸಾಮಾನ್ಯದ್ದಲ್ಲ.

ಬಾನ್ ಮಿ ವಿಷಯಕ್ಕೆ ಬಂದರೆ ಅವರು ಇತಿಹಾಸಕಾರರು. ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡಿನ ಹೊಟ್ಟೆ ಸೀಳಿ, ಮಾಂಸ, ಉಪ್ಪಿನಕಾಯಿ ಹಾಕಿದ ತರಕಾರಿ, ಕೊತ್ತಂಬರಿ, ಮೆಣಸಿನಕಾಯಿ ತುರುಕಿ ಕೊಡುವ ಬೀದಿ ತಿಂಡಿ ಇದು. ಅಮೆರಿಕದ ಟೀವಿ ಬಾಣಸಿಗ ಆಂಥೊನಿ ಬೋರ್ಡೇನ್ ಈ ಊರಿನ ಅಂಗಡಿಯೊಂದರ ಬಾನ್ ಮಿ ತಿಂದು, ಬಾಯ್ತುಂಬ ಹೊಗಳಿ ಕ್ಯಾಮೆರಾಕ್ಕೆ ತೋರಿಸಿದ ಮೇಲೆ ಪ್ರಪಂಚದ ಜನವೆಲ್ಲ ಇಲ್ಲಿ ಸಾಲು ನಿಂತರು. "ಬೋರ್ಡೇನ್ ಬರೋಕೆ ಮುಂಚೆ ಚೆನ್ನಾಗಿತ್ತು ಕಣ್ರೀ" ಎಂದು ಅಲ್ಲಿಬೇಡಪ್ಪನವರು ತಲೆಯಾಡಿಸುತ್ತಾರೆ. ಬೋರ್ಡೇನ್ ಬಂದದ್ದು 2009ರಲ್ಲಿ. ಆಗ ನಮ್ಮವರ ಪಾಸ್‌ಪೋರ್ಟಿಗೆ ಅರ್ಜಿಯೂ ಬಿದ್ದಿರಲಿಲ್ಲ.

ಇನ್ನು ಬೆಂಗಳೂರು ತಳಿಯ ವಿಶೇಷಗಳು. ಬಾನ್ ಸೆಯೊ ಎಂಬುದನ್ನು ಕಂಡರೆ ಇವರಿಗೆ ಬಂಧುವನ್ನು ಕಂಡಷ್ಟು ಸಂಭ್ರಮ. ಅಕ್ಕಿ ಹಿಟ್ಟು, ಅರಿಸಿನ, ಕಾದ ಕಾವಲಿ, ಚುಂಯ್ ಎಂಬ ಸದ್ದು. "ಇದು ನಮ್ಮ ದೋಸೆಯೇ! ಚಂಪಾ ರಾಜರು ಶೈವರು. ಇಲ್ಲೇ ಪಕ್ಕದ ಮೀ ಸನ್ನಿನಲ್ಲಿ ಭದ್ರೇಶ್ವರನ ಗುಡಿಗಳಿವೆ. ದೇವರು ಬಂದ ಮೇಲೆ ದೋಸೆ ಬರದೆ ಇರುತ್ತದೆಯೇ?" ಮೀ ಸನ್ನಿನ ಮಾತು ನಿಜ, ಹಿಂದೆ ಈ ಸೀಮೆಯನ್ನು ಆಳಿದ ಚಂಪಾದ ಚಾಮ್ ಅರಸರು ಕಟ್ಟಿಸಿದ ಶಿವಾಲಯಗಳು ಅಲ್ಲಿವೆ, ಹೋಯ್ ಆನ್ ಜೊತೆಗೇ 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ದೋಸೆಯ ಮಾತು ಅಲ್ಲಿಬೇಡಪ್ಪನವರ ಸ್ವಂತ ಸಂಶೋಧನೆ. ಅವರು ಚಂಪಾ ವಂಶಾವಳಿಯನ್ನು ಮುಗಿಸುವ ಹೊತ್ತಿಗೆ ದೋಸೆ ತಣ್ಣಗಾಗಿ ಚರ್ಮವಾಗಿರುತ್ತದೆ. ಕಚ್ಚಿ ನೋಡಿ, "ಈ ಅಂಗಡೀದು ಗರಿ ಇಲ್ಲ" ಎನ್ನುತ್ತಾರೆ. ಮಾಡುವವಳೋ, ಬಿಸಿ ಇರುವಾಗಲೇ ಅಕ್ಕಿ ಹಾಳೆಯಲ್ಲಿ ಸೊಪ್ಪಿನ ಜೊತೆ ಸುತ್ತಿ ಬಾಯಿಗಿಡಿ ಎಂದು ಕೈಸನ್ನೆಯಲ್ಲಿ ತೋರಿಸಿ ತೋರಿಸಿ ಸುಸ್ತಾಗಿರುತ್ತಾಳೆ.

ಮನೆಯವರು ಸಸ್ಯಾಹಾರಿಗಳಾದರೆ ನಾಟಕಕ್ಕೆ ಎರಡನೇ ಅಂಕವಿದೆ. ವಿಯೆಟ್ನಾಮಿನ ಅಡುಗೆಯಲ್ಲಿ ಮೀನಿನ ರಸ, ನುಕ್ ಮಾಮ್, ಕಾಣದಂತೆ ಎಲ್ಲೆಡೆ ಇರುತ್ತದೆ. ತರಕಾರಿ ಎಂದು ತಂದಿಟ್ಟಿದ್ದರಲ್ಲೂ ಇರಬಹುದು. ಅಲ್ಲಿಬೇಡಪ್ಪನವರು ಹೆಂಡತಿಯನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಒಂದೊಂದು ಅಂಗಡಿಯಲ್ಲೂ ಮೀನಿನ ಬಗ್ಗೆ ಪಾಟೀಸವಾಲು ನಡೆಸುತ್ತಾರೆ.

"ರೀ, ಆ ಮೂಲೆ ಅಂಗಡೀಲಿ ಬೋರ್ಡು ಹಾಕಿದಾರಲ್ಲ, ಕೋಮ್ ಚಾಯ್ ಅಂತ. ಬರೀ ಸೊಪ್ಪು, ತೋಫು, ಅಣಬೆ ಅಂತೆ. ಅಲ್ಲೇ ಕೂರೋಣ್ವಾ?"

"ಅಲ್ಲಿ ಬೇಡ ಕಣೇ. ನೀನು ಸುಮ್ನಿರು, ನನಗೊಂದು ಜಾಗ ಗೊತ್ತು."

ಬೌದ್ಧ ಪದ್ಧತಿಯಂತೆ ಚಾಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಗೆ ವಿಯೆಟ್ನಾಮಿನಲ್ಲಿ ಅನೇಕರು ಮಾಂಸ ಬಿಡುತ್ತಾರೆ. ಹಾಗಾಗಿ ಈ ಚಾಯ್ ಅಂಗಡಿಗಳು ಊರೂರಲ್ಲಿ ಇವೆ. ಪ್ರವಾಸಿಗಳಿಗಾಗಿ ಹುಟ್ಟಿದವಲ್ಲ, ಊರಿನವರ ಶ್ರದ್ಧೆಗೆ ಹುಟ್ಟಿದವು. 'ಊರಿನವರು ತಿನ್ನುವ ಜಾಗ' ಎಂದು ಅಲ್ಲಿಬೇಡಪ್ಪನವರು ಹಗಲಿರುಳು ಹುಡುಕುವುದು ಇಂಥದನ್ನೇ. ಆದರೆ ಅದನ್ನು ಕಂಡುಹಿಡಿದದ್ದು ಹೆಂಡತಿ ಎಂಬ ಒಂದೇ ದೋಷಕ್ಕೆ ಅದು ಅನರ್ಹವಾಗುತ್ತದೆ. ಯಜಮಾನರು ಮಧ್ಯಾಹ್ನ ನಿದ್ದೆ ಹೋದಾಗ ಆಕೆ ಹೋಗಿ ತೃಪ್ತಿಯಾಗಿ ಉಂಡು ಬರುತ್ತಾರೆ. ಬೆಲೆ ನೋಡಿದರೆ ಪಾಪ, ಅಷ್ಟೊಂದು ಗುಟ್ಟು ಮಾಡಬೇಕಾಗಿಯೂ ಇಲ್ಲ. ಸಾವಿರ ದೋಂಗ್ ಎಂದರೆ ನಮ್ಮ ಮೂರು ರೂಪಾಯಿ ಚಿಲ್ಲರೆ.

ಕಾಫಿಯ ಅಂಗಡಿಯಲ್ಲಿ ಅವರನ್ನು ಹಿಡಿಯುವವರಿಲ್ಲ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ, ಬಹುಪಾಲು ರೊಬಸ್ಟಾ. ಲೋಟದ ಮೇಲೆ 'ಫಿನ್' ಎಂಬ ಪುಟ್ಟ ಲೋಹದ ಫಿಲ್ಟರ್ ಕೂರಿಸಿ, ತಳದಲ್ಲಿ ಗಟ್ಟಿ ಸಿಹಿಹಾಲು ಹಾಕಿ, ಡಿಕಾಕ್ಷನ್ ತೊಟ್ಟಿಕ್ಕುವವರೆಗೆ ಕಾಯುತ್ತಾರೆ. ಆಮೇಲೆ ಕಲಸಿ ಮಂಜುಗಡ್ಡೆಗೆ ಸುರಿಯುತ್ತಾರೆ. ಭಾರತದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬೆಳೆಯುವ ಕರ್ನಾಟಕದಿಂದ ಬಂದವರಿಗೆ ಇದನ್ನು ನೋಡಿ ಸುಮ್ಮನಿರಲಾದೀತೆ? ಚಿಕ್ಕಮಗಳೂರಿನ ಷಡ್ಡಕನ ತೋಟ, ಅರೇಬಿಕಾದ ಘನತೆ, ಚಿಕೋರಿಯ ಪ್ರಮಾಣ ಎಲ್ಲವನ್ನೂ ಅಂಗಡಿಯ ಹುಡುಗಿಗೆ ಬಿಡಿಸಿ ಹೇಳುತ್ತಾರೆ. ಹುಡುಗಿ ನಗುತ್ತ ಇನ್ನೊಂದು ಕಾಫಿ ತಂದಿಡುತ್ತಾಳೆ. ಮೊದಲನೆಯದು ಕರಗಿ ನೀರಾಗಿರುತ್ತದೆ. "ಬಹಳ ತೆಳು ಮಾಡ್ತಾರೆ ಇವರು" ಎಂಬ ದೂರು ದಾಖಲಾಗುತ್ತದೆ.

ಸಂಜೆ ನದೀದಡದಲ್ಲಿ ಬಿಯರಿನ ಹೊತ್ತು. ಇಲ್ಲಿ ಸೆಕೆ ಜಾಸ್ತಿ. ಬಿಯರಿಗೆ ಮಂಜುಗಡ್ಡೆ ಹಾಕಿ ಕುಡಿಯುವುದು ಊರಿನ ರೂಢಿ. ಮೂಲ ಸಂಪ್ರದಾಯದ ಪರಮಭಕ್ತರಾದ ಅಲ್ಲಿಬೇಡಪ್ಪನವರು ಈ ಸಂಪ್ರದಾಯ ಕಂಡ ಕೂಡಲೇ, "ಛೆ, ಬಿಯರಿಗೆ ಐಸ್ ಹಾಕ್ತಾರೇನ್ರೀ! ಇವರಿಗೆ ಗೊತ್ತಿಲ್ಲ" ಎನ್ನುತ್ತಾರೆ. ಪಕ್ಕದ ಮೇಜಿನ ಹುಡುಗರು "ಮೋತ್, ಹಾಯ್, ಬಾ, ಯೋ!" ಎಂದು, ನಮ್ಮ ಒಂದು ಎರಡು ಮೂರರ ಲೆಕ್ಕದಲ್ಲಿ, ಲೋಟ ತಾಗಿಸಿ ಒಂದೇ ಗುಕ್ಕಿಗೆ ಮುಗಿಸಿ ಇವರಿಗೂ ಒಂದು ಲೋಟ ನೀಡುತ್ತಾರೆ. ಊರಿನವರೇ ಎದ್ದು ಬಂದು ಕೈಗೆ ಲೋಟ ಕೊಟ್ಟರು! ಇಂಥ ಗಳಿಗೆಗಾಗಿಯೇ ಅಲ್ಲವೇ ಇಷ್ಟು ತಿರುಗಿದ್ದು? ಆದರೆ ಅವರ ಕಣ್ಣು ಗೋಡೆಯ ಕಡೆ. ಅಲ್ಲಿ ಇಂಗ್ಲಿಷಿನಲ್ಲಿ 'ಹ್ಯಾಪಿ ಅವರ್' ಎಂದು ಬರೆದಿದೆ. "ಏಳ್ರೀ, ಇದು ಪ್ರವಾಸಿಗಳ ಜಾಗ."

ಹಾಗಾದರೆ ಅಲ್ಲಿಬೇಡಪ್ಪನವರು ಊಟ ಮಾಡುವುದೆಲ್ಲಿ? ಹುಡುಕುವಷ್ಟರಲ್ಲಿ ಹೊತ್ತು ಮೀರುತ್ತದೆ. ಈ ಊರಿನ ತಿನಿಸುಗಳಿಗೆ ಜಾಗಕ್ಕಿಂತ ಗಂಟೆ ಮುಖ್ಯ. ಬೆಳಗಿನ ಮಿ ಕ್ವಾಂಗ್ ನೂಡಲಿನ ಪಾತ್ರೆ ಖಾಲಿಯಾದರೆ ಅಂಗಡಿ ಎತ್ತಿಬಿಡುತ್ತಾರೆ. ಅರಿಸಿನ ಬಣ್ಣದ ಅನ್ನಕ್ಕೆ ಕೋಳಿ ಹರಿದು ಹಾಕುವ ಕೋಮ್ ಗಾ ಮುಗಿದರೆ ಮುಗಿಯಿತು. ಶುಂಠಿ ಪಾಕ ಸುರಿದ ತೋಫು ಮಾರುವ ಅಡ್ಡೆಯವಳು ಬೀದಿ ದಾಟಿ ಹೋದರೆ ಮತ್ತೆ ಸಿಗುವುದಿಲ್ಲ. ಹೀಗಾಗಿ ರಾತ್ರಿ, ಬಾಗಿಲು ಹಾಕುತ್ತಿರುವ ಬೀದಿಗಳಲ್ಲಿ ತಿರುಗಿ ತಿರುಗಿ ಕಾಲು ಸೋತು, ಕೊನೆಗೆ ದೀಪ ಉರಿಯುತ್ತಿರುವ ಒಂದೇ ಒಂದು ಹೋಟೆಲಿಗೆ ನುಗ್ಗುತ್ತಾರೆ. ಎಸಿ ಇದೆ. ಚಿತ್ರವಿರುವ ಮೆನು ಇದೆ. ಬಾಗಿಲಲ್ಲಿ ನಗುವ ಹುಡುಗ ಇದ್ದಾನೆ. ಅಲ್ಲಿ ಪನೀರ್ ಬಟರ್ ಮಸಾಲೆಯೂ ಇದೆ. ಎರಡು ತಟ್ಟೆ ಅನ್ನ ಮಾತಿಲ್ಲದೆ ಒಳಗೆ ಹೋಗುತ್ತದೆ. ಕೈ ತೊಳೆದು ಹೊರಬರುವಾಗ ಒಳಬರುತ್ತಿರುವ ಹೊಸ ಜೋಡಿಯನ್ನು ತಡೆದು, ತಗ್ಗಿದ ದನಿಯಲ್ಲಿ ಎಚ್ಚರಿಸುತ್ತಾರೆ: "ಅಲ್ಲಿ ಬೇಡಪ್ಪಾ."

ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ನದಿಯಾಚೆ ಕಾಮ್ ನಾಮ್ ಕಡೆ ಹೋದರೆ ಪುಟ್ಟ ಕಪ್ಪೆಚಿಪ್ಪಿನ ಪಲ್ಯವನ್ನು ಹಪ್ಪಳದಲ್ಲಿ ಬಾಚಿ ತಿನ್ನಬಹುದು, ಮುಸುಕಿನ ಜೋಳದ ಪಾಯಸ ಕುಡಿಯಬಹುದು ಎಂದು ನನಗೆ ತಿಳಿದದ್ದು ಅವರಿಂದಲೇ. ತ್ರಾ ಕ್ವೆ ಹಳ್ಳಿಯ ರೈತರು ನೀರಿನ ಪಾಚಿಯನ್ನು ಗೊಬ್ಬರವಾಗಿ ಹಾಕಿ ಬೆಳೆಯುವ ಪರಿಮಳದ ಸೊಪ್ಪೇ ಈ ಊರಿನ ಊಟದ ಜೀವಾಳ ಎಂದದ್ದೂ ಅವರೇ. ಏನಿದೆ ಎಂಬುದು ಅವರಿಗೆ ನಿಜವಾಗಿಯೂ ಗೊತ್ತು.

ಆದ್ದರಿಂದ ಹೋಯ್ ಆನ್‌ಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಅಲ್ಲಿಬೇಡಪ್ಪನವರು ಸಿಕ್ಕೇ ಸಿಗುತ್ತಾರೆ. 'ಏನು ತಿನ್ನಬೇಕು' ಎಂದು ಅವರು ಹೇಳುವಾಗ ಕಿವಿಗೊಟ್ಟು ಕೇಳಿ, ಬೇಕಾದರೆ ಬರೆದುಕೊಳ್ಳಿ. 'ಎಲ್ಲಿ ತಿನ್ನಬೇಕು' ಎಂದು ಶುರು ಮಾಡಿದ ಕೂಡಲೇ ನಮಸ್ಕಾರ ಹೇಳಿ, ಹಬೆ ಏಳುತ್ತಿರುವ ಹತ್ತಿರದ ಪಾತ್ರೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತುಬಿಡಿ.