ಎಪ್ಪತ್ತರ ವ್ರತ

1960ರಲ್ಲಿಯೋ ಅನಂತರವೋ ಹುಟ್ಟಿದವರಿಗೆ ಪೂರ್ಣ ನಿವೃತ್ತಿವೇತನದ ವಯಸ್ಸು 67 ಎಂಬ ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯ ವಿಧಿಯನ್ನು ಸಂಧ್ಯಾವಂದನೆಯ ಮಂತ್ರಕ್ಕಿಂತಲೂ ಶುದ್ಧವಾಗಿ ಕಂಠಸ್ಥ ಮಾಡಿಕೊಂಡಿದ್ದ ನ್ಯೂಜೆರ್ಸಿಯ ನಮ್ಮ ರಾಯರು, ಕಾಫಿಯ ಲೋಟವನ್ನು ಲೆಕ್ಕದ ಕಾಗದದ ಮೇಲೆಯೇ ಊರಿ, ಧರ್ಮಪತ್ನಿಗೆ ಉಪದೇಶ ಮಾಡಲು ಪ್ರವೃತ್ತರಾದರು.

"ನೀನು 62ಕ್ಕೇ ಅರ್ಜಿ ಹಾಕು, ಶೇಕಡಾ 30 ಖೋತಾ ಆದೀತು, ಆಗಲಿ. ನಾನು 70ರವರೆಗೆ ತಡೆದರೆ ನನ್ನದು ಶೇಕಡಾ 24 ವೃದ್ಧಿಸುತ್ತದೆ."

"ಖೋತಾ ನನಗೆ, ವೃದ್ಧಿ ತಮಗೆ, ಮದುವೆಯಂದಿನಿಂದ ನಡೆದುಬಂದ ಸಂಪ್ರದಾಯವೇ. ತಮ್ಮದರಲ್ಲಿ ಹೆಂಡತಿಗೆ ಅರ್ಧ ಉಂಟೆಂದಿರಲ್ಲ?"

"ಉಂಟು, ಹೆಚ್ಚೆಂದರೆ ಅರ್ಧ. ಆದರೆ ನಾನು ಅರ್ಜಿ ಹಾಕಿದ ಮೇಲೆ. ಅದೂ 67ರ ಮೊತ್ತದಲ್ಲಿ, 70ರದರಲ್ಲಿ ಅಲ್ಲ. ನಿನ್ನ ಸ್ವಂತದ್ದನ್ನು ಅದರಲ್ಲಿಯೇ ವಜಾ ಮಾಡಿಕೊಳ್ಳುತ್ತಾರೆ."

"ಹಾಗಾದರೆ ತಮ್ಮ ತಪಸ್ಸಿನ ಫಲ ನನಗೆ?"

ರಾಯರು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಅನಾವಶ್ಯಕವಾಗಿ ಬಹಳ ಹೊತ್ತು ಒರೆಸಿದರು. (ಲೆಕ್ಕ ಬಲ್ಲ ಗಂಡಸರು ಉತ್ತರ ಗೊತ್ತಿದ್ದಾಗಲೇ ಹೀಗೆ ಒರೆಸುವುದು.)

"ನಾನು ಮೊದಲು ತೀರಿಕೊಂಡರೆ, ನಿನ್ನ ಸಣ್ಣ ಮೊತ್ತ ನಿಂತು, ನನ್ನ ದೊಡ್ಡ ಮೊತ್ತವೇ ನಿನಗೆ ಸಲ್ಲುತ್ತದೆ."

ಆಕೆ ಲೋಟವನ್ನು ಪಕ್ಕಕ್ಕೆ ಸರಿಸಿ, ಕಾಫಿಯ ಉಂಗುರದೊಳಗಿನ ಅಂಕಿಯನ್ನು ದಿಟ್ಟಿಸಿ, ಪೆನ್ಸಿಲು ಕೈಗೆತ್ತಿಕೊಂಡರು.

"ಅದು ಯಾವ ತಿಂಗಳೆಂದು ಬರೆದುಕೊಳ್ಳಲಿ?"