ಒಂದಕ್ಷರದ ಒಪ್ಪೋಲೆ

ಪುಸ್ತಕದಲ್ಲಿ ಅಕ್ಷರ ತಪ್ಪಿದರೆ ಪ್ರಕಾಶಕರು ಕೊನೆಗೊಂದು ಒಪ್ಪೋಲೆ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಹಿಮೋಗ್ಲೋಬಿನ್ನಿನ ಜೀನಿನಲ್ಲಿ ‘ಎ’ ಇರಬೇಕಾದ ಕಡೆ ‘ಟಿ’ ಬಿದ್ದರೆ ಅಷ್ಟಕ್ಕೇ ಮುಗಿಯುವುದಿಲ್ಲ. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳದಲ್ಲಿ ಸಿಕ್ಕಿಕೊಂಡು, ಮೂಳೆಮೂಳೆಯೂ ಕೂಗಿಕೊಳ್ಳುತ್ತದೆ. ಇದೇ ಸಿಕಲ್ ಸೆಲ್.

ವರ್ಟೆಕ್ಸ್ ಮತ್ತು ಕ್ರಿಸ್ಪರ್ ಥೆರಪ್ಯೂಟಿಕ್ಸ್ ಎಂಬ ಕಂಪನಿಗಳು ಕೈಜೋಡಿಸಿ 2023ರಲ್ಲಿ ಇದಕ್ಕೊಂದು ಮದ್ದು ತಂದವು, ಕ್ಯಾಸ್ಜೆವಿ. ತಮಾಷೆಯೆಂದರೆ ಅದು ತಪ್ಪಿದ ಅಕ್ಷರವನ್ನು ಮುಟ್ಟುವುದೇ ಇಲ್ಲ. ತಾಯ ಹೊಟ್ಟೆಯಲ್ಲಿದ್ದಾಗ ನಮಗೆಲ್ಲ ಬೇರೊಂದು ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನು ಅದಕ್ಕೆ ಬೀಗ ಜಡಿಯುತ್ತದೆ. ಇವರು ಆ ಬೀಗ ಒಡೆಯುತ್ತಾರೆ. ಎರಡನೇ ಮುದ್ರಣ ಕೆಟ್ಟಿದೆ, ಮೊದಲನೆಯದನ್ನೇ ಓದಿಕೊಳ್ಳಿ ಎಂದಂತೆ! ಜಾಣತನ, ಒಪ್ಪಿದೆ. ಆದರೆ ರೋಗಿಯ ಆಕರಕೋಶ ತೆಗೆದು, ಲ್ಯಾಬಿನಲ್ಲಿ ತಿದ್ದಿ, ಕೀಮೋ ಕೊಟ್ಟು ಮಜ್ಜೆ ಬರಿದು ಮಾಡಿ, ಮತ್ತೆ ತುಂಬಬೇಕು. ಕರಡು ತಿದ್ದಿದ ಕೂಲಿ 22 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿ.

ಅಮೆರಿಕದಲ್ಲಿ ಕ್ಯಾಸ್ಜೆವಿಗೆ ಅನುಮತಿ ಸಿಕ್ಕ ದಿನವೇ ತಾನೂ ಅನುಮತಿ ಪಡೆದ ಬ್ಲೂಬರ್ಡ್ ಬಯೋ ಕಂಪನಿ ತನ್ನ ಮದ್ದಿಗೆ 31 ಲಕ್ಷ ಡಾಲರ್ ಹೇಳಿತು. 2025ರ ಫೆಬ್ರವರಿಯಲ್ಲಿ ಆ ಕಂಪನಿಯೇ ಸುಮಾರು 3 ಕೋಟಿ ಡಾಲರಿಗೆ ಮಾರಾಟವಾಗಲು ಒಪ್ಪಿತು. ಹತ್ತು ರೋಗಿಗಳು ಚಂದಾ ಎತ್ತಿದ್ದರೆ ಅಂಗಡಿಯನ್ನೇ ಕೊಳ್ಳಬಹುದಿತ್ತು.

ಇಂಥ ಮದ್ದು ಬಡ ದೇಶಗಳಿಗೂ ಎಟುಕಲಿ ಎಂದು ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ ಮತ್ತು ಗೇಟ್ಸ್ ಪ್ರತಿಷ್ಠಾನ 2019ರಲ್ಲೇ ತಲಾ 10 ಕೋಟಿ ಡಾಲರ್ ಘೋಷಿಸಿದ್ದವು, ಎಚ್‌ಐವಿಯ ಮದ್ದನ್ನೂ ಸೇರಿಸಿ. ನಮ್ಮಲ್ಲಿ ದೆಹಲಿಯ ಜೀನ್ ಸಂಶೋಧನಾ ಸಂಸ್ಥೆ ಐಜಿಐಬಿ ಇಂಥದ್ದೇ ಮದ್ದಿಗಾಗಿ ಪುಣೆಯ ಸೀರಮ್ ಸಂಸ್ಥೆಯ ಕೈಕುಲುಕಿದೆ. ಮನುಷ್ಯರ ಮೇಲಿನ ಪರೀಕ್ಷೆ ಮುಗಿಯುವ ಮೊದಲೇ, 2025ರ ನವೆಂಬರಿನಲ್ಲಿ, ಅದಕ್ಕೆ ‘ಬಿರ್ಸಾ 101’ ಎಂದು ನಾಮಕರಣವೂ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ಇಪ್ಪತ್ತೈದರ ಆಸುಪಾಸಿನಲ್ಲಿ ರಾಂಚಿಯ ಜೈಲಿನಲ್ಲಿ ಸತ್ತ ಆದಿವಾಸಿ ಹೋರಾಟಗಾರ ಬಿರ್ಸಾ ಮುಂಡಾನ ಹೆಸರದು. ಆದಿವಾಸಿಗೆ ಮೊದಲ ಪಾಲು ಹೆಸರಿನಲ್ಲೇ ಸಂದುಬಿಡುತ್ತದೆ.

ನೀಲಗಿರಿಯ ಆದಿವಾಸಿಗಳಲ್ಲಿ ಈ ರೋಗ ಪತ್ತೆಯಾದದ್ದು 1952ರಲ್ಲಿ. ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರಲ್ಲಿ, ನಿರ್ಮೂಲನೆಯ ಗಡುವು 2047. ಅಲ್ಲಿಯವರೆಗೆ ಹೈಡ್ರಾಕ್ಸಿಯೂರಿಯಾ ಗುಳಿಗೆ, ಅದೂ ಬೆಟ್ಟ ಹತ್ತಿ ಬಂದರೆ. ಸದ್ಯಕ್ಕೆ ಬೆರಳು ಚುಚ್ಚಿ, ತಪ್ಪಕ್ಷರ ಇದೆಯೋ ಇಲ್ಲವೋ ಬರೆದ ಒಂದು ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಗಂಡಿನದು ಹೆಣ್ಣಿನದು ಹೊಂದಿಸಿ ನೋಡಬೇಕಂತೆ, ಜಾತಕದ ಹಾಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಪ್ರೀತಿಸಿದವರು ಕಾಡಿಗೆ ಓಡಿಹೋಗಿ, ನಾಲ್ಕು ದಿನ ಬಿಟ್ಟು ಬಂದು, ಪೋಡಿನ, ಅಂದರೆ ಹಾಡಿಯ, ಹಿರಿಯರಿಗೆ ತಪ್ಪುಕಾಣಿಕೆ ಕೊಟ್ಟರೆ ಮದುವೆ ಆದಂತೆಯೇ. ಇನ್ನು ಮುಂದೆ ಹುಡುಗ ಓಡುವಾಗ ಕಾರ್ಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಬೇಕು.