ಹವಾಯಿ ಬಿಟ್ಟರೂ ಹವಾಯಿ ಬಿಡದ ಕೆಎಚ್6ಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಕೆಎಚ್6 ಕಾಲ್‌ಸೈನ್ ಸಾಹೇಬರಿಗೆ,

ಬೆಂಗಳೂರಿನ ಹವ್ಯಾಸಿ ರೇಡಿಯೊಗಾರ, ಅಂದರೆ ಹ್ಯಾಮ್ ಒಬ್ಬನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇತ್ತ ಕ್ಷೇಮ, ಅತ್ತ ಕ್ಷೇಮ ವಿಚಾರಿಸೋಣವೆಂದರೆ ತಾವು ಎತ್ತ ಇದ್ದೀರೆಂಬುದೇ ಬಗೆಹರಿಯುತ್ತಿಲ್ಲ.

ರೇಡಿಯೊ ಕಾಲ್‌ಸೈನ್‌ಗಳ ಪಟ್ಟಿಯ ಪ್ರಕಾರ ತಾವು ಹವಾಯಿಯವರು. ಆದ್ದರಿಂದ ತಮ್ಮ ದನಿ ಕೇಳಿದೊಡನೆ ನಾವು ತಾರಸಿಯ ಮೇಲಿನ ಬೀಮ್ ಆಂಟೆನಾವನ್ನು ಈಶಾನ್ಯಕ್ಕೆ ತಿರುಗಿಸುತ್ತೇವೆ. ರೋಟರ್ ಗರಗರ ಸುತ್ತಿ ನಿಲ್ಲುವಷ್ಟರಲ್ಲಿ ದನಿ ಮಾಯ. ತಾವಿರುವುದು ಒಹಾಯೊದ ವಾಯುನೆಲೆಯ ಕ್ವಾರ್ಟರ್ಸ್‌ನಲ್ಲಿ, ಅಂದರೆ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ! ವಾಯುಪಡೆಯ ಯಜಮಾನರು ಹೊನೊಲುಲು ಬಳಿ ಇದ್ದಾಗ ಪರೀಕ್ಷೆ ಪಾಸು ಮಾಡಿ ತಮ್ಮನ್ನು ಪಡೆದರು. ವರ್ಗವಾದಾಗ ಪಾತ್ರೆಪಗಡಿಯ ಜತೆ ತಮ್ಮನ್ನೂ ಕಟ್ಟಿಕೊಂಡು ಹೊರಟರು. ಕಾನೂನು ತಕರಾರು ಮಾಡಲಿಲ್ಲ.

ಒಂದು ಕಾಲಕ್ಕೆ ಮಾಡುತ್ತಿತ್ತು. ಅಮೆರಿಕವನ್ನು ಹತ್ತು ವಲಯ ಮಾಡಿ ನ್ಯೂ ಇಂಗ್ಲೆಂಡಿಗೆ 1, ಕ್ಯಾಲಿಫೋರ್ನಿಯಾಕ್ಕೆ 6 ಎಂದು ಹಂಚಿದ್ದರು. ವಲಯ ಬದಲಾದರೆ ಕಾಲ್‌ಸೈನೂ ಬದಲಾಗಬೇಕು. ಸೈನಿಕನ ಪಾಡು ಕೇಳಬೇಡಿ: ಪೋಸ್ಟಿಂಗ್ ಬಂದಾಗಲೆಲ್ಲ ಹೊಸ ಹೆಸರು, ಸಂಪರ್ಕ ಖಚಿತಪಡಿಸಲು ಹೊಸ ಕ್ಯುಎಸ್‌ಎಲ್ ಕಾರ್ಡು. 1970ರ ದಶಕದ ಕೊನೆಗೆ ಆ ಕಟ್ಟಳೆ ತೊಲಗಿತು. ತೊಲಗಬೇಕಾದದ್ದೇ. ಈಗ ಲೈಸೆನ್ಸು ಕೊಡುವ ಎಫ್‌ಸಿಸಿಗೆ ರೇಡಿಯೊ ಎಲ್ಲಿದೆ ಎಂಬುದಕ್ಕಿಂತ ಇಮೇಲ್ ಸರಿಯಿದೆಯೇ ಎಂಬುದೇ ದೊಡ್ಡ ಚಿಂತೆ. ಅವರ ಪತ್ರ ತಲುಪದೆ ವಾಪಸಾದರೆ ಲೈಸೆನ್ಸಿಗೇ ಸಂಚಕಾರ ಬರಬಹುದು. ಇನ್ನು ತಮ್ಮನ್ನೇ ಬೇಕೆಂದು ಆರಿಸಿ ಕೇಳುವವರಿಗೆ ಹವಾಯಿಯ ಅಂಚೆ ವಿಳಾಸ ಕಡ್ಡಾಯ. ಕೈಗೆ ಸಿಕ್ಕಮೇಲೆ ಎಲ್ಲಿಗಾದರೂ ಒಯ್ಯಬಹುದು. ಮುಂಬಾಗಿಲಿಗೆ ಕಾವಲುಗಾರ, ಹಿತ್ತಲಿಗೆ ಬೇಲಿಯೇ ಇಲ್ಲ.

ತಮ್ಮ ದಾಯಾದಿ ಕೆಜಿ4 ಇನ್ನೂ ಘಾಟಿ. ಅದರ ನಂತರ ಎರಡಕ್ಷರವಿದ್ದರೆ ಕ್ಯೂಬಾದ ಗ್ವಾಂಟನಾಮೊ ನೌಕಾನೆಲೆ. ಮೂರಿದ್ದರೆ ಜಾರ್ಜಿಯಾದಲ್ಲೋ ಫ್ಲೋರಿಡಾದಲ್ಲೋ ಕಾಫಿ ಕುಡಿಯುತ್ತ ಕೂತ ಯಾರೋ ಪುಣ್ಯಾತ್ಮರು. ಕಡಲು ದಾಟಲು ಒಂದಕ್ಷರ ಸಾಕು.

ಆದರೆ ತಮ್ಮ ಯಜಮಾನರಿಗೆ ಜರ್ಮನಿಗೆ ವರ್ಗವಾಗಲಿ, ಆಟ ಬಂದ್. ಯುರೋಪಿನ ಸಿಇಪಿಟಿ ಒಪ್ಪಂದದಂತೆ ಮೂರು ತಿಂಗಳು ತಮ್ಮ ಮುಂದೆ ಜರ್ಮನಿಯ ಡಿಎಲ್ ಹಚ್ಚಿಕೊಳ್ಳಬೇಕು; ಆಮೇಲೂ ಮಾತಾಡಬೇಕೆಂದರೆ ಅಲ್ಲಿಯದೇ ಲೈಸೆನ್ಸು. ದಕ್ಷಿಣ ಕೊರಿಯಾದಲ್ಲಂತೂ ಅಮೆರಿಕನ್ ಪಡೆಯವರಿಗೆಂದೇ ಎಚ್‌ಎಲ್9 ಇದೆ. ಪರರ ಮನೆಯಲ್ಲಿ ಇಷ್ಟು ಶಿಸ್ತಾಗಿ ಊರು ಹೇಳುವವರು ಸ್ವಂತ ಮನೆಯಲ್ಲಿ ಮಾತ್ರ ಗುಟ್ಟು ಬಿಡುವುದಿಲ್ಲ.

ನಮ್ಮಲ್ಲಿ ಹೇಗೆ ಎನ್ನುತ್ತೀರಾ? ನಮ್ಮ ವಿಯು2, ವಿಯು3 ಊರು ಹೇಳುವ ಸೋಗನ್ನೇ ಹಾಕಿಲ್ಲ. ಆ ಅಂಕಿ ಲೈಸೆನ್ಸಿನ ದರ್ಜೆಯದು: 2 ಜನರಲ್, 3 ರೆಸ್ಟ್ರಿಕ್ಟೆಡ್. ಕೊಡಗಿನ ಸುಬೇದಾರರ ವಿಯು3 ಮಡಿಕೇರಿಯಲ್ಲೂ ವಿಯು3, ಲೇಹ್‌ನಲ್ಲೂ ವಿಯು3. ಅಂಡಮಾನಿಗೆ ವಿಯು4, ಲಕ್ಷದ್ವೀಪಕ್ಕೆ ವಿಯು7 ಎಂದು ದ್ವೀಪಗಳಿಗೆ ಮಾತ್ರ ಬೇರೆ ಮರ್ಯಾದೆ. ಗೊತ್ತಿಲ್ಲ ಎಂದು ಮೊದಲೇ ಕೈಯೆತ್ತಿದವನನ್ನು ಯಾರೂ ಬೈಯುವುದಿಲ್ಲ, ಅಷ್ಟೇ.

ತಮ್ಮನ್ನು ಬಿಟ್ಟುಕೊಡಿ ಎಂದು ಯಜಮಾನರನ್ನು ಕೇಳುತ್ತಿಲ್ಲ. ಊರೂರು ಅಲೆಯುವ ಸೈನಿಕನಿಗೆ ಹೆಸರೊಂದಾದರೂ ಸ್ಥಿರವಾಗಿರಲಿ. ಕೊನೆಯಲ್ಲಿ ಓರೆಗೆರೆ ಎಳೆದು ವಲಯದ ಅಂಕಿ ಸೇರಿಸಲು ತಮ್ಮ ನಿಯಮದಲ್ಲೇ ಅವಕಾಶವಿದೆ; ಕಡ್ಡಾಯವಲ್ಲ ಎಂಬುದೇ ತೊಂದರೆ. ಒಹಾಯೊದ ಅಂಕಿ 8. ಮುಂದಿನ ಸಲ ಸಿಕ್ಯು ಎಂದು ಎಲ್ಲರನ್ನೂ ಕೂಗುವಾಗ ದಯವಿಟ್ಟು ಅದನ್ನೂ ಹೇಳಿ. ರೋಟರ್ ತಿರುಗಿಸುವ ಕರೆಂಟಿನ ಬಿಲ್ಲು ನಮ್ಮದು.

73,
ಇಂತಿ ತಮ್ಮ ವಿಧೇಯ,
ಒಬ್ಬ ವಿಯು2